ನೆಲಮಾಳಿಗೆಯಿಂದ ಸರ್ವರ್‌ಗೆ: ಆಸ್ಪತ್ರೆಯ ಚಿತ್ರಗಳನ್ನು ಕಾಪಿಟ್ಟ ಚರಿತ್ರೆ

1929ರ ಮೇ 15ರಂದು ಅಮೆರಿಕದ ಒಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ 123 ಮಂದಿ ಪ್ರಾಣ ಬಿಟ್ಟರು. ಅವರಲ್ಲಿ ಹೆಚ್ಚಿನವರನ್ನು ಕೊಂದದ್ದು ಜ್ವಾಲೆಯಲ್ಲ, ವಿಷದ ಹೊಗೆ. ಅದು ಎದ್ದದ್ದು ನೆಲಮಾಳಿಗೆಯ ಉಗ್ರಾಣದಿಂದ. ಅಲ್ಲಿ ರೋಗಿಗಳ ಹಳೆಯ ಎಕ್ಸ್-ರೇ ಫಿಲ್ಮ್‌ಗಳನ್ನು ಪೇರಿಸಿಟ್ಟಿದ್ದರು. ಆ ಕಾಲದ ಫಿಲ್ಮ್ ನೈಟ್ರೋಸೆಲ್ಯುಲೋಸಿನದು. ಬಿಸಿ ತಾಗಿದರೆ ಸಾಕು, ತಾನೇ ವಿಘಟನೆಗೊಳ್ಳುತ್ತ ನೈಟ್ರೋಜನ್ ಆಕ್ಸೈಡ್, ಕಾರ್ಬನ್ ಮಾನಾಕ್ಸೈಡ್ ಉಗುಳುವ ವಸ್ತು. ಕ್ಲಿನಿಕ್ಕಿನ ಸ್ಥಾಪಕರಲ್ಲಿ ಒಬ್ಬರಾದ ಡಾ. ಜಾನ್ ಫಿಲಿಪ್ಸ್ ಕೂಡ ಸತ್ತವರಲ್ಲಿದ್ದರು. ಸುಲಭವಾಗಿ ಹೊತ್ತಿಕೊಳ್ಳದ ಅಸಿಟೇಟ್ ಫಿಲ್ಮ್ ಅಷ್ಟು ಹೊತ್ತಿಗಾಗಲೇ ಮಾರುಕಟ್ಟೆಯಲ್ಲಿತ್ತು. ಅದು ಆಸ್ಪತ್ರೆಗಳಲ್ಲಿ ಕಡ್ಡಾಯದಂತೆ ನೆಲೆಯೂರಲು ಈ ದುರಂತವೇ ಆಗಬೇಕಾಯಿತು.

ರೋಗಿಯ ಚಿತ್ರವನ್ನು ತೆಗೆಯುವುದು ಹೇಗೆ ಎಂಬ ಚರಿತ್ರೆಯನ್ನು ಎಲ್ಲರೂ ಬರೆದಿದ್ದಾರೆ. ತೆಗೆದ ಮೇಲೆ ಎಲ್ಲಿಡುವುದು, ಯಾರು ಕಾಯುವುದು ಎಂಬ ಚರಿತ್ರೆಗೆ ಅಷ್ಟು ಗಮನ ಸಿಕ್ಕಿಲ್ಲ. ಈ ಎರಡನೆಯ ಚರಿತ್ರೆಯನ್ನು ಹಿಡಿದು ನಡೆದರೆ ಒಂದು ಸಂಗತಿ ಎದ್ದು ಕಾಣುತ್ತದೆ: ಜಾಗದ ಸಮಸ್ಯೆ ಪ್ರತಿ ತಲೆಮಾರಿನಲ್ಲೂ ಬಗೆಹರಿದಿದೆ, ಹಕ್ಕು ಮತ್ತು ಹೊಣೆಯ ಸಮಸ್ಯೆ ಮಾತ್ರ ಪ್ರತಿ ಸಲವೂ ಹೊಸದಾಗಿ ಹುಟ್ಟಿಕೊಂಡಿದೆ.

1895ರ ಕೊನೆಯಲ್ಲಿ ಎಕ್ಸ್-ರೇ ಕಂಡುಹಿಡಿದ ರಾಂಟ್ಜೆನ್ ತನ್ನ ಹೆಂಡತಿಯ ಕೈಯ ಚಿತ್ರ ತೆಗೆದ ಮೇಲೆ ಮೊದಲ ಎರಡು ದಶಕ ಗಾಜಿನ ಫಲಕಗಳದ್ದೇ ರಾಜ್ಯಭಾರ. ಅವು ಭಾರ, ಕೈಜಾರಿದರೆ ಚೂರು. ಮೊದಲ ಮಹಾಯುದ್ಧದಲ್ಲಿ ಬೆಲ್ಜಿಯಂನಿಂದ ಬರುತ್ತಿದ್ದ ಗಾಜು ನಿಂತುಹೋಗಿ ಫಿಲ್ಮಿಗೆ ದಾರಿಯಾಯಿತು. ಅಲ್ಲಿಂದ ಮುಂದೆ ಅಮೆರಿಕ, ಯುರೋಪಿನ ದೊಡ್ಡ ಆಸ್ಪತ್ರೆಗಳಲ್ಲಿ ‘ಫಿಲ್ಮ್ ಲೈಬ್ರರಿ’ಗಳು ಬೆಳೆದವು: ಸಾಲುಸಾಲು ಕಪಾಟು, ಕಂದು ಲಕೋಟೆ, ಬಣ್ಣದ ಚೀಟಿ, ಹುಡುಕಿಕೊಡುವ ಗುಮಾಸ್ತ. ಒಂದು ಚಿತ್ರಕ್ಕೆ ಒಂದೇ ಪ್ರತಿ. ಶಸ್ತ್ರವೈದ್ಯರು ಅದನ್ನು ತಮ್ಮ ಕೋಣೆಗೆ ಒಯ್ದರೆ ಉಳಿದವರಿಗೆ ಅದು ಇಲ್ಲವೆಂದೇ ಲೆಕ್ಕ. ಸೋವಿಯತ್ ಒಕ್ಕೂಟದಲ್ಲಿ ಆಸ್ಪತ್ರೆಗಳು ಎಸೆದ ಫಿಲ್ಮ್‌ಗಳಿಗೆ ಇನ್ನೊಂದು ಜನ್ಮವೇ ಸಿಕ್ಕಿತು. ಎರಡನೆಯ ಮಹಾಯುದ್ಧದ ನಂತರ ಲೆನಿನ್‌ಗ್ರಾಡಿನ ಸಂಗೀತಪ್ರಿಯರು ಅವನ್ನು ದುಂಡಗೆ ಕತ್ತರಿಸಿ, ನಿಷೇಧಿತ ಜಾಝ್ ಹಾಡುಗಳನ್ನು ಕೊರೆದು ಕದ್ದು ಮಾರುತ್ತಿದ್ದರು. ಯಾರದೋ ಪಕ್ಕೆಲುಬಿನ ಮೇಲೆ ಯಾರದೋ ಹಾಡು.

ನಮ್ಮಲ್ಲಿ ಫಿಲ್ಮ್ ಬಹುಪಾಲು ರೋಗಿಯ ಕೈಗೇ ಬರುತ್ತಿತ್ತು. ಊರಿಂದ ಬೆಂಗಳೂರಿಗೋ ಮಣಿಪಾಲಕ್ಕೋ ಹೊರಟವರ ಕಂಕುಳಲ್ಲಿ ಸ್ಕ್ಯಾನಿಂಗ್ ಸೆಂಟರಿನ ಹೆಸರು ಹೊತ್ತ ಆ ದೊಡ್ಡ ಕವರು ಇದ್ದೇ ಇರುತ್ತಿತ್ತು. ಮನೆಯಲ್ಲಿ ಅದರ ಜಾಗ ಬೀರುವಿನ ಮೇಲೆ ಅಥವಾ ಹಾಸಿಗೆಯ ಅಡಿಯಲ್ಲಿ. ಸೆಕೆಗೆ ಒಂದಕ್ಕೊಂದು ಅಂಟಿಕೊಳ್ಳುತ್ತಿತ್ತು ನಿಜ, ಆದರೆ ಅದು ಯಾರ ಸ್ವತ್ತು ಎಂಬ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ.

ಬದಲಾವಣೆಯ ಬೀಜ ಬಿದ್ದದ್ದು 1971ರ ಅಕ್ಟೋಬರ್ 1ರಂದು, ಲಂಡನ್ನಿನ ವಿಂಬಲ್ಡನ್ ಬಳಿಯ ಅಟ್ಕಿನ್‌ಸನ್ ಮಾರ್ಲಿ ಆಸ್ಪತ್ರೆಯಲ್ಲಿ. ಇ.ಎಂ.ಐ. ಕಂಪನಿಯ ಎಂಜಿನಿಯರ್ ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ಕಟ್ಟಿದ ಸಿ.ಟಿ. ಯಂತ್ರದಲ್ಲಿ ಅಂದು ಮೊದಲ ರೋಗಿಯ ಮಿದುಳಿನ ಚಿತ್ರ ಮೂಡಿತು. ಅಡ್ಡ 80, ಉದ್ದ 80 ಚುಕ್ಕಿ. ಅಂದರೆ 6,400 ಸಂಖ್ಯೆಗಳು. ಎಕ್ಸ್-ರೇಯಂತೆ ಅದು ಬೆಳಕಿನ ಗುರುತಲ್ಲ, ಹುಟ್ಟುವಾಗಲೇ ಲೆಕ್ಕ. ತಮಾಷೆಯೆಂದರೆ, ಈ ಲೆಕ್ಕವನ್ನು ಆಸ್ಪತ್ರೆಗಳು ಮತ್ತೆ ಫಿಲ್ಮಿಗೇ ಮುದ್ರಿಸಿ, ಅದೇ ಲಕೋಟೆಗೆ ಹಾಕಿ, ಅದೇ ಕಪಾಟಿನಲ್ಲಿ ಇಟ್ಟುಕೊಂಡು ಎರಡು ದಶಕ ಕಳೆದವು. ಮುದ್ರಿಸುವಾಗ ಆಗುವ ನಷ್ಟ ಸಣ್ಣದಲ್ಲ. ಎದೆಯ ಒಂದೇ ಸಿ.ಟಿ.ಯಲ್ಲಿ ಶ್ವಾಸಕೋಶವೂ ಇದೆ, ಮೂಳೆಯೂ ಇದೆ, ರಕ್ತನಾಳವೂ ಇದೆ. ಪರದೆಯ ಮೇಲೆ ಕಪ್ಪು-ಬಿಳುಪಿನ ಮಟ್ಟ ಸರಿಸಿದರೆ ಒಂದೊಂದೂ ಎದ್ದು ಕಾಣುತ್ತದೆ. ಫಿಲ್ಮಿನಲ್ಲಿ ಉಳಿಯುವುದು ಮುದ್ರಿಸಿದವರು ಆರಿಸಿದ ಮಟ್ಟ ಮಾತ್ರ.

1982ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ನ್ಯೂಪೋರ್ಟ್ ಬೀಚ್‌ನಲ್ಲಿ ನಡೆದ ಸಮ್ಮೇಳನದಲ್ಲಿ ಫಿಲ್ಮಿಲ್ಲದೆ ಕಂಪ್ಯೂಟರಿನಲ್ಲೇ ಚಿತ್ರ ಇಡುವ ಹೊಸ ವ್ಯವಸ್ಥೆಗೆ ‘ಪ್ಯಾಕ್ಸ್’ ಎಂಬ ಹೆಸರು ನೆಲೆಗೊಂಡಿತು: ಚಿತ್ರಗಳನ್ನು ಕೂಡಿಡುವ ಮತ್ತು ರವಾನಿಸುವ ವ್ಯವಸ್ಥೆ. ಹೆಸರೇನೋ ಸಿದ್ಧವಾಯಿತು, ಯಂತ್ರಗಳು ಪರಸ್ಪರ ಮಾತಾಡಲು ಸಿದ್ಧವಿರಲಿಲ್ಲ. ಒಂದು ಕಂಪನಿಯ ಸ್ಕ್ಯಾನರ್ ಬರೆದ ಟೇಪನ್ನು ಇನ್ನೊಂದರ ಕಂಪ್ಯೂಟರ್ ಓದುತ್ತಿರಲಿಲ್ಲ. 1983ರಲ್ಲಿ ಅಮೆರಿಕದ ರೇಡಿಯಾಲಜಿಸ್ಟ್‌ಗಳ ಸಂಸ್ಥೆಯೂ ವಿದ್ಯುತ್ ಉಪಕರಣ ತಯಾರಕರ ಸಂಘವೂ ಜಂಟಿ ಸಮಿತಿ ರಚಿಸಿದವು. 1985ರ ಮೊದಲ ಮಾನದಂಡ ಹೇಳಿದ್ದು 50 ಪಿನ್ನುಗಳ ಒಂದು ಕನೆಕ್ಟರಿನ ಮಾತು: ಈ ಯಂತ್ರದಿಂದ ಆ ಯಂತ್ರಕ್ಕೆ ನೇರ ತಂತಿ. ಜಾಲದ ಮೂಲಕ ರವಾನಿಸುವ ನಿಯಮಗಳೊಂದಿಗೆ ‘ಡೈಕಾಮ್’ ಬಂದದ್ದು 1993ರಲ್ಲಿ. ಇಂದಿಗೂ ಜಗತ್ತಿನ ಆಸ್ಪತ್ರೆಗಳು ನಿಂತಿರುವುದು ಅದರ ಮೇಲೆ.

ಡೈಕಾಮಿನ ಹೆಚ್ಚುಗಾರಿಕೆ ಚಿತ್ರವನ್ನೂ ಅದರ ವಿಳಾಸವನ್ನೂ ಬೇರೆಯಾಗಲು ಬಿಡದಿರುವುದು. ಪ್ರತಿ ಕಡತದೊಳಗೆ ಸಂಖ್ಯೆ ಹಾಕಿದ ಕೋಶಗಳಿವೆ. 0010,0010 ರೋಗಿಯ ಹೆಸರು; 0010,0020 ರೋಗಿಯ ಗುರುತಿನ ಸಂಖ್ಯೆ. ಇಲ್ಲೊಂದು ತೊಡಕು ನಮ್ಮಂಥವರಿಗೇ ಮೀಸಲು. ಹೆಸರಿನ ಕೋಶ ಮೊದಲು ಮನೆತನದ ಹೆಸರು, ಆಮೇಲೆ ವ್ಯಕ್ತಿಯ ಹೆಸರು ಎಂದು ಎಣಿಸಿ ಮಾಡಿದ್ದು. ಊರಿನ ಹೆಸರು, ತಂದೆಯ ಹೆಸರು ಎರಡೂ ಇನಿಶಿಯಲ್ ಆಗಿ ಕೂತಿರುವ ಕನ್ನಡಿಗರ ಹೆಸರಿಗೆ ಅಲ್ಲಿ ಸರಿಯಾದ ಪೀಠವಿಲ್ಲ. ಕೌಂಟರಿನಲ್ಲಿ ಒಬ್ಬರು ‘ಕೆ.ಎಸ್. ಮಂಜುನಾಥ್’ ಎಂದೂ ಎರಡು ವರ್ಷದ ನಂತರ ಇನ್ನೊಬ್ಬರು ‘ಮಂಜುನಾಥ ಕೆ ಎಸ್’ ಎಂದೂ ಟೈಪಿಸಿ, ಹೊಸ ನಂಬರು ಕೊಟ್ಟರೆ ಕಂಪ್ಯೂಟರಿನ ಪಾಲಿಗೆ ಅವರು ಇಬ್ಬರು. ಹಳೆಯ ಸ್ಕ್ಯಾನ್ ಸರ್ವರಿನಲ್ಲಿ ಭದ್ರವಾಗಿಯೇ ಇರುತ್ತದೆ, ಕೇಳಿದಾಗ ಬರುವುದಿಲ್ಲ. ಚಿತ್ರ ಕಳೆಯಲು ಸರ್ವರ್ ಸುಡಬೇಕಾಗಿಲ್ಲ, ಗುರುತಿನ ಸಂಖ್ಯೆ ತಪ್ಪಿದರೂ ಸಾಕು.

ಫಿಲ್ಮ್ ಬಿಟ್ಟ ಮೊದಲಿಗರಲ್ಲಿ ವಿಯೆನ್ನಾದ ಡೊನಾವ್‌ಸ್ಪಿಟಾಲ್, ಬಾಲ್ಟಿಮೋರಿನ ನಿವೃತ್ತ ಸೈನಿಕರ ಆಸ್ಪತ್ರೆ, ಲಂಡನ್ನಿನ ಹ್ಯಾಮರ್‌ಸ್ಮಿತ್ ಸೇರುತ್ತವೆ. ಎಲ್ಲವೂ 1990ರ ದಶಕದ ಮಾತು. ಆಗ ಹಾರ್ಡ್ ಡಿಸ್ಕ್ ಬಲು ತುಟ್ಟಿ. ಆದ್ದರಿಂದ ಹೊಸ ಚಿತ್ರಗಳು ಮಾತ್ರ ಡಿಸ್ಕಿನಲ್ಲಿ. ಹಳೆಯವು ಯಾಂತ್ರಿಕ ಕೈ ಎತ್ತಿಕೊಡುವ ಆಪ್ಟಿಕಲ್ ತಟ್ಟೆಗಳಲ್ಲಿ. ಇನ್ನೂ ಹಳೆಯವು ಟೇಪಿನಲ್ಲಿ. ನಾಳೆ ಬರುವ ರೋಗಿಯ ಹಿಂದಿನ ಚಿತ್ರಗಳನ್ನು ಇಂದು ರಾತ್ರಿಯೇ ಡಿಸ್ಕಿಗೆ ಇಳಿಸಿಡುವ ಉಪಾಯವೂ ಇತ್ತು. ಇಂದಿನ ಸಿ.ಟಿ.ಯ ಒಂದು ಪದರ ಅಡ್ಡ 512, ಉದ್ದ 512 ಚುಕ್ಕಿ, ಸುಮಾರು ಅರ್ಧ ಎಂ.ಬಿ.; ಐನೂರು ಪದರಗಳ ಒಂದು ಸ್ಕ್ಯಾನ್‌ಗೆ 250 ಎಂ.ಬಿ. ದಿನಕ್ಕೆ ನೂರು ಸ್ಕ್ಯಾನ್ ಆದರೆ 25 ಜಿ.ಬಿ. ಈಗ ಅದು ಭಾರಿ ಮೊತ್ತವೇನಲ್ಲ.

ಕಷ್ಟವಿರುವುದು ಮನೆ ಬದಲಿಸುವಲ್ಲಿ. ಸರ್ವರ್ ಹಳತಾದಾಗ, ಕಂಪನಿಯ ಕರಾರು ಮುಗಿದಾಗ ಕೋಟಿಗಟ್ಟಲೆ ಕಡತಗಳನ್ನು ಹೊಸ ವ್ಯವಸ್ಥೆಗೆ ಸಾಗಿಸಬೇಕು. ಹೊರಗೆ ಡೈಕಾಮ್ ಆಡಿದರೂ ಒಳಗೆ ತಮ್ಮದೇ ಗುಟ್ಟಿನ ರೂಪದಲ್ಲಿ ಇಟ್ಟುಕೊಳ್ಳುವ ಕಂಪನಿಗಳು ಈ ಹೊತ್ತಿನಲ್ಲಿ ಆಸ್ಪತ್ರೆಯ ಜುಟ್ಟು ಹಿಡಿಯುತ್ತವೆ. ಇದಕ್ಕೆ ಮದ್ದಾಗಿ ಬಂದವುಗಳಲ್ಲಿ ಬೆಲ್ಜಿಯಂನ ಲಿಯೇಜ್ ವಿಶ್ವವಿದ್ಯಾಲಯ ಆಸ್ಪತ್ರೆಯಲ್ಲಿ ಸೆಬಾಸ್ಟಿಯನ್ ಜೊಡೋನ್ ರೂಪಿಸಿದ ಮುಕ್ತ ತಂತ್ರಾಂಶ ‘ಆರ್ಥಾಂಕ್’ ಮುಖ್ಯವಾದುದು. ಸಣ್ಣ ಆಸ್ಪತ್ರೆಯೊಂದು ಸಾಧಾರಣ ಕಂಪ್ಯೂಟರಿನಲ್ಲೇ ಅದನ್ನು ನಡೆಸಬಹುದು.

ಚಿತ್ರ ತಂತಿಯಲ್ಲಿ ಹರಿಯತೊಡಗಿದ ಮೇಲೆ ಬೆಂಗಳೂರು ಈ ಚರಿತ್ರೆಗೆ ಕಾಲಿಟ್ಟಿತು. 2002ರಲ್ಲಿ ಡಾ. ಅರ್ಜುನ್ ಕಲ್ಯಾಣಪುರ್ ಇಲ್ಲಿ ಶುರುಮಾಡಿದ ಟೆಲಿರೇಡಿಯಾಲಜಿ ಸಂಸ್ಥೆ ಅಮೆರಿಕದ ನಡುರಾತ್ರಿಯ ತುರ್ತು ಸ್ಕ್ಯಾನ್‌ಗಳನ್ನು ಬೆಂಗಳೂರಿನ ಹಗಲಿನಲ್ಲಿ ಓದಿ ಕಳಿಸತೊಡಗಿತು.

ಹೊರಗೆ ಹೋಗುವ ಬಾಗಿಲು ಒಳಗೆ ಬರುವುದಕ್ಕೂ ಆಗುತ್ತದೆ. ಡೈಕಾಮ್ ಹುಟ್ಟಿದ್ದು ಆಸ್ಪತ್ರೆಯ ಗೋಡೆಯೊಳಗೆ ಎಲ್ಲರೂ ನಂಬಿಕಸ್ಥರು ಎಂಬ ಎಣಿಕೆಯಲ್ಲಿ. 2019ರಲ್ಲಿ ಜರ್ಮನಿಯ ಗ್ರೀನ್‌ಬೋನ್ ಸಂಸ್ಥೆ ಅಂತರ್ಜಾಲಕ್ಕೆ ಜೋಡಿಸಿದ ಸುಮಾರು 2,300 ಚಿತ್ರಸಂಗ್ರಹ ಸರ್ವರ್‌ಗಳನ್ನು ಪರೀಕ್ಷಿಸಿತು. ಅವುಗಳಲ್ಲಿ 590 ತೆರೆದೇ ಬಿದ್ದಿದ್ದವು. 52 ದೇಶಗಳ 2.4 ಕೋಟಿಗೂ ಹೆಚ್ಚು ದಾಖಲೆಗಳು ಕೈಗೆಟಕುವಂತಿದ್ದವು. ಮುಂದಿನ ವರ್ಷದ ವರದಿಯಲ್ಲಿ ಭಾರತದ ರಾಜ್ಯಗಳ ಪೈಕಿ ಮಹಾರಾಷ್ಟ್ರದ ನಂತರದ ಸ್ಥಾನ ಕರ್ನಾಟಕದ್ದು. ಐ.ಟಿ. ರಾಜಧಾನಿಯ ರಾಜ್ಯಕ್ಕೆ ಇದು ನಾಚಿಕೆಯ ಪಟ್ಟ. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್‌ನ ಸರ್ವರ್‌ಗಳಿಗೆ ದುಷ್ಕರ್ಮಿಗಳು ಬೀಗ ಜಡಿದಾಗ ದೇಶದ ಪ್ರಮುಖ ಆಸ್ಪತ್ರೆ ಹಲವು ದಿನ ಕಾಗದ-ಪೆನ್ನಿಗೆ ಮರಳಿತು.

ಕಾನೂನು ಏನು ಹೇಳುತ್ತದೆ? ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಗಳ ಪ್ರಕಾರ ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ ಮೂರು ವರ್ಷ ಇಡಬೇಕು, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಕೇಂದ್ರ ಸರ್ಕಾರ 2013ರಲ್ಲಿ ಹೊರಡಿಸಿ 2016ರಲ್ಲಿ ಪರಿಷ್ಕರಿಸಿದ ಎಲೆಕ್ಟ್ರಾನಿಕ್ ಆರೋಗ್ಯ ದಾಖಲೆ ಮಾನದಂಡಗಳು ಚಿತ್ರಗಳಿಗೆ ಡೈಕಾಮನ್ನೇ ಹೇಳಿವೆ. ಮೂರು ವರ್ಷವೆಂಬುದು ಕ್ಯಾನ್ಸರ್ ರೋಗಿಗೆ ಏನೇನೂ ಸಾಲದು. ಐದನೆಯ ವರ್ಷದ ಗಡ್ಡೆಯನ್ನು ಮೊದಲ ವರ್ಷದ ಚಿತ್ರದ ಪಕ್ಕದಲ್ಲಿಟ್ಟು ನೋಡುವುದೇ ಆ ವೈದ್ಯಕೀಯದ ಬುಡ. ಈ ಅವಧಿ ಹೆಚ್ಚಬೇಕು. ಅಲ್ಲಿಯವರೆಗೆ ಸ್ಕ್ಯಾನ್ ಮಾಡಿಸಿದವರು ವರದಿ, ಫಿಲ್ಮುಗಳ ಜೊತೆಗೆ ಡೈಕಾಮ್ ರೂಪದ ಮೂಲ ಚಿತ್ರಗಳನ್ನೂ ಸಿ.ಡಿ.ಯಲ್ಲೋ ಪೆನ್ ಡ್ರೈವಿನಲ್ಲೋ ಕೇಳಿ ಪಡೆಯಬೇಕು. ಮೊಬೈಲಿಗೆ ಬರುವ ಲಿಂಕನ್ನೇ ನೆಚ್ಚಿಕೊಳ್ಳದೆ, ಮನೆಗೆ ಬಂದ ದಿನವೇ ಕಡತ ತೆರೆಯುತ್ತದೆಯೇ ನೋಡಿ, ಇನ್ನೊಂದು ಪ್ರತಿ ಮಾಡಿಟ್ಟುಕೊಳ್ಳಬೇಕು.