ಗಾಳಿಯಂತ್ರದ ಬೆಲೆ, ಕಲ್ಲಿದ್ದಲಿನ ಬೆಲೆ

ಮುಂಬಯಿಯ ಫೋರ್ಟ್ ಭಾಗಕ್ಕೆ ವಿದ್ಯುತ್ ವಿತರಿಸುವ ಬೆಸ್ಟ್ ಸಂಸ್ಥೆಯು ಬಹುಕಾಲದಿಂದ ಟಾಟಾ ಕಂಪೆನಿಯಿಂದ ವಿದ್ಯುತ್ತನ್ನು ಖರೀದಿಸುತ್ತ ಬಂದಿದೆ. ಅದರಲ್ಲಿ ಟ್ರಾಂಬೆಯ ಕಲ್ಲಿದ್ದಲು ಸ್ಥಾವರದ್ದೂ ಒಂದು ಪಾಲು. ದೀಪ ಫೋರ್ಟಿನಲ್ಲಿ, ಹೊಗೆ ಚೆಂಬೂರು-ಮಾಹುಲ್ ನಿವಾಸಿಗಳಿಗೆ. ಹಾಗೆಂದು ಪವನ ವಿದ್ಯುತ್ತು ನಿರ್ದೋಷಿಯೇನಲ್ಲ.

ಸಾತಾರಾ ಜಿಲ್ಲೆಯ ಚಾಳಕೇವಾಡಿ ಪ್ರಸ್ಥಭೂಮಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ನಡೆಸಿದ ಅಧ್ಯಯನವು 2018ರಲ್ಲಿ ಪ್ರಕಟವಾಯಿತು. ಗಾಳಿಯಂತ್ರಗಳಿರುವೆಡೆ ಬೇಟೆಹಕ್ಕಿಗಳು ಯಂತ್ರಗಳಿಲ್ಲದ ಕಡೆಗಿಂತ ಸುಮಾರು ನಾಲ್ಕು ಪಟ್ಟು ವಿರಳವಾಗಿದ್ದವು. ಹಿಡಿದು ತಿನ್ನುವವರಿಲ್ಲದೆ ಓತಿಕ್ಯಾತಗಳು ಹೆಚ್ಚಿದ್ದವು. ಆದರೆ ಮೇವಿನ ಪೈಪೋಟಿಯಿಂದ ಬಡಕಲಾಗಿ, ಬಣ್ಣವೂ ಮಾಸಿತ್ತು. ಹಕ್ಕಿಗಳು ಯಂತ್ರದ ರೆಕ್ಕೆಗೆ ಬಡಿದು ಸಾಯುವುದಷ್ಟೇ ಹಾನಿಯೆಂದು ನಂಬಿದ್ದವರಿಗೆ ಇದು ಹೊಸ ಪಾಠ.

ಆದರೂ ತಕ್ಕಡಿ ಸಮವಾಗಿಲ್ಲ. ಸ್ಥಾವರದ ನಿರ್ಮಾಣ, ಇಂಧನ ಎಲ್ಲವನ್ನೂ ಸೇರಿಸಿ ಐಪಿಸಿಸಿ 2014ರಲ್ಲಿ ನೀಡಿದ ಮಧ್ಯಾಂಕದಂತೆ, ಒಂದು ಯೂನಿಟ್ ವಿದ್ಯುತ್ತಿಗೆ ಇಂಗಾಲದ ಡೈಆಕ್ಸೈಡ್ ಲೆಕ್ಕದಲ್ಲಿ ಕಲ್ಲಿದ್ದಲು 820 ಗ್ರಾಂ, ನೈಸರ್ಗಿಕ ಅನಿಲ 490 ಗ್ರಾಂ ಹೊಮ್ಮಿಸಿದರೆ, ನೆಲದ ಮೇಲಿನ ಗಾಳಿಯಂತ್ರದ್ದು ಕೇವಲ 11 ಗ್ರಾಂ.

ಗಾಳಿಯಂತ್ರದ ಹಾನಿಯನ್ನು ಸ್ಥಳದ ಆಯ್ಕೆಯಿಂದ ಬಹಳಷ್ಟು ತಗ್ಗಿಸಬಹುದು. ಚಾಳಕೇವಾಡಿಯಂತೂ ಕೊಯ್ನಾ ಅಭಯಾರಣ್ಯದ ಮಗ್ಗುಲಲ್ಲೇ ಇದೆ. ವಿಪರ್ಯಾಸವೆಂದರೆ, 2006ರ ಪರಿಸರ ಪರಿಣಾಮ ಅಧಿಸೂಚನೆಯು ಪೂರ್ವಾನುಮತಿ ಕಡ್ಡಾಯಗೊಳಿಸಿದ ಯೋಜನೆಗಳ ಪಟ್ಟಿಯಲ್ಲಿ ಪವನ ವಿದ್ಯುತ್ತನ್ನು ಸೇರಿಸಲಿಲ್ಲ. ಅರಣ್ಯಭೂಮಿಯಾದರೆ ಮಾತ್ರ ಪ್ರತ್ಯೇಕ ಅನುಮತಿ ಬೇಕು.