ಮೊಳಕೆ

ಕನ್ನಡದ ಅಡುಗೆಮನೆಯಲ್ಲಿ ಮೊಳಕೆಯನ್ನು ಕಟ್ಟುತ್ತಾರೆ. ರಾತ್ರಿ ನೆನೆಹಾಕಿದ ಹುರುಳಿಯನ್ನೋ ಹೆಸರುಕಾಳನ್ನೋ ಬೆಳಿಗ್ಗೆ ಬಸಿದು, ಬಟ್ಟೆಯಲ್ಲಿ ಗಂಟು ಹಾಕಿಟ್ಟು ‘ಮೊಳಕೆ ಕಟ್ಟಿದ್ದೀನಿ, ನಾಳೆ ಸಾರು ಮಾಡೋಣ’ ಎನ್ನುವುದು ನಮ್ಮ ವಾಡಿಕೆ. ಅದೇ ಕಾಳು ಮಣ್ಣಿಗೆ ಬಿದ್ದರೆ ಕಟ್ಟುವವರಿಲ್ಲ, ತಾನಾಗಿ ಮೊಳಕೆಯೊಡೆಯುತ್ತದೆ. ಕಟ್ಟುವುದು ನಮ್ಮ ಕೆಲಸ, ಒಡೆಯುವುದು ಬೀಜದ ಕೆಲಸ. ಇವೆರಡರ ನಡುವೆ ಎಷ್ಟು ದೂರವಿದೆಯೆಂದು ನನಗೆ ತಿಳಿದದ್ದು ಮಿನ್ನೆಸೋಟದ ಚಳಿಗಾಲದಲ್ಲಿ, ಎರಡೂವರೆ ವರ್ಷದ ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ಮೆಣಸಿನಕಾಯಿ ಬೀಜ ಊರಿದಾಗ.

ಯುಗಾದಿಯ ಹೊತ್ತಿಗೆ ಊರಿನಲ್ಲಿ ಮಾವು, ಹೊಂಗೆ ಚಿಗುರಿರುತ್ತವೆ. ಮಿನಿಯಾಪೊಲಿಸ್‌ನ ಹಿತ್ತಲಲ್ಲಿ ಆಗಿನ್ನೂ ಮಣ್ಣು ಹೆಪ್ಪುಗಟ್ಟಿರುತ್ತದೆ. ಮೇ ತಿಂಗಳ ನಡುವಿನವರೆಗೂ ಯಾವ ರಾತ್ರಿ ಹಿಮ ಕೂತು ಸಸಿ ಕರಕಲಾಗುತ್ತದೋ ಎಂಬ ಭಯ ತಪ್ಪದು. ಅಲ್ಲಿಂದಾಚೆಗೆ ಸಿಗುವುದು ನಾಲ್ಕೂವರೆ, ಐದು ತಿಂಗಳ ಬೆಚ್ಚನೆಯ ಕಾಲ. ಅದಕ್ಕೇ ಟೊಮೆಟೊ ಬೀಜವನ್ನು ಆರೆಂಟು ವಾರ ಮುಂಚೆ, ಮೆಣಸಿನ ಬೀಜವನ್ನು ಎಂಟು ಹತ್ತು ವಾರ ಮುಂಚೆಯೇ ಮನೆಯೊಳಗೆ ಟ್ರೇಗಳಲ್ಲಿ ಹಾಕುತ್ತಾರೆ. ಊರಿನ ಚೈತ್ರ ಚಿಗುರಿನ ಕಾಲ. ಮೊಳಕೆಯ ಕಾಲ ಅಂದರೆ ಮುಂಗಾರು. ಚಿಗುರು ಬರುವುದು ಇದ್ದ ಮರಕ್ಕೆ, ಮೊಳಕೆ ಬರುವುದು ಬರಿಯ ಮಣ್ಣಿಗೆ. ಇಲ್ಲಿಗೆ ಬಂದ ಮೇಲೆ ವಸಂತವನ್ನು ನಾನು ಮೊಳಕೆಯಿಂದಲೇ ಶುರುಮಾಡಬೇಕಾಯಿತು.

ಮನೆಯೊಳಗೆ ಬೀಜ ಹಾಕುವುದು ನಮಗೆ ಹೊಸದೇನೂ ಅಲ್ಲ. ಉತ್ತರ ಕರ್ನಾಟಕದ ಎಷ್ಟೋ ಮನೆಗಳಲ್ಲಿ ನವರಾತ್ರಿಗೆ ಘಟ ಹಾಕಿ, ದೇವರ ಮುಂದೆ ಮಣ್ಣು ಹರಡಿ ಕಾಳು ಬಿತ್ತುತ್ತಾರೆ. ವಿಜಯದಶಮಿಯ ಹೊತ್ತಿಗೆ ಅಲ್ಲಿ ಸಸಿ ಎದ್ದಿರುತ್ತದೆ. ಮದುವೆಗೂ ದೇವಸ್ಥಾನದ ಉತ್ಸವಕ್ಕೂ ಮುನ್ನ ನಡೆಯುವ ಬಿತ್ತನೆಗೆ ಅಂಕುರಾರ್ಪಣೆ ಎಂದು ಹೆಸರು. ಸಂಸ್ಕೃತದ ಅಂಕುರ ಹೀಗೆ ಮಂತ್ರದ ಜೊತೆ ಹೋಯಿತು. ‘ಮೊಳೆ’ ಎಂಬ ಹಳೆಯ ಕ್ರಿಯಾಪದದ ಕುಟುಂಬದ ಮೊಳಕೆ ಅಡುಗೆಮನೆಯಲ್ಲೇ ಉಳಿಯಿತು. ತಮಿಳಿನ ಮುಳೈ, ತೆಲುಗಿನ ಮೊಲಕ ಇದರ ಒಡಹುಟ್ಟುಗಳು. ನನ್ನ ಮಗಳಿಗೆ ಅನ್ನಪ್ರಾಶನದ ನಂತರ ಉಣಿಸಿದ್ದೂ ಮೊಳಕೆ ಕಟ್ಟಿದ ರಾಗಿಯ ಸರಿಯನ್ನೇ. ಮೊಳೆಯುವಾಗ ರಾಗಿಯೊಳಗೆ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುತ್ತದೆ, ಹಾಗಾಗಿ ಸರಿ ಗಟ್ಟಿಯಾಗದೆ ಮಗುವಿನ ಹೊಟ್ಟೆಗೆ ಹಗುರಾಗುತ್ತದೆ. ಕಿಣ್ವದ ಹೆಸರು ಗೊತ್ತಿಲ್ಲದ ಅಜ್ಜಿಯರು ಇದನ್ನು ತಲೆಮಾರುಗಳಿಂದ ಮಾಡಿಕೊಂಡು ಬಂದಿದ್ದಾರೆ. ಅವರ ಬಗ್ಗೆ ನನಗೆ ದೊಡ್ಡ ಗೌರವ.

ಮೆಣಸಿನ ಬೀಜಕ್ಕೆ ಮಾತ್ರ ಅವಸರವಿಲ್ಲ. ಟ್ರೇಯಡಿ ಹೀಟ್ ಮ್ಯಾಟ್ ಇಟ್ಟು ಮಣ್ಣನ್ನು 25ರಿಂದ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಚ್ಚಗಿಟ್ಟರೂ ಕೆಲವೊಮ್ಮೆ ಎರಡು ಮೂರು ವಾರ ಹಿಡಿಯುತ್ತದೆ. ಮಗಳು ಎದ್ದ ಕೂಡಲೇ ಬಂದು ‘ಮೊಕ್ಕೆ ಬಂತಾ?’ ಎಂದು ಬೆರಳಿನಿಂದ ಮಣ್ಣು ಕೆದಕುತ್ತಾಳೆ. ‘ಇನ್ನೂ ಇಲ್ಲ ಪುಟ್ಟಿ’ ಎಂದರೆ ಅವಳಿಗೆ ‘ಇನ್ನೂ’ ತಿಳಿಯದು, ‘ಇಲ್ಲ’ ಮಾತ್ರ ತಿಳಿಯುತ್ತದೆ. ಅಷ್ಟು ಚಿಕ್ಕ ಮಗುವಿಗೆ ಕಾಯುವುದನ್ನು ಮಾತಿನಿಂದ ಕಲಿಸಲು ಆಗುವುದಿಲ್ಲ. ಕೈಗೆ ಕೆಲಸ ಕೊಡಬೇಕು: ಮಣ್ಣಿಗೆ ನೀರು ಚಿಮುಕಿಸುವುದು, ದೀಪ ಹಾಕುವುದು. ಸಸಿ ಎದ್ದ ಮೇಲೆ ಅಂಗೈಯಿಂದ ಹಗುರಾಗಿ ಸವರುವುದು ಕೂಡ ನಿಜವಾದ ಕೆಲಸವೇ. ಗಾಳಿಯಾಡದ ಮನೆಯೊಳಗೆ ಆ ಸ್ಪರ್ಶದಿಂದ ಕಾಂಡ ಬಲಿಯುತ್ತದೆ.

ಮೊಳಕೆ ಕಂಡ ದಿನ ಊರಿನಿಂದ ವಿಡಿಯೊ ಕರೆಯಲ್ಲಿದ್ದ ಅಮ್ಮ ಮೊಮ್ಮಗಳ ಚುರುಕು ನೋಡಿ, ‘ಬೆಳೆಯುವ ಸಿರಿ ಮೊಳಕೆಯಲ್ಲೇ ಗೊತ್ತಾಗುತ್ತೆ ಕಣೇ’ ಎಂದಳು. ಪ್ರೀತಿಯ ಮಾತು. ಆದರೂ ಆ ಗಾದೆ ಸರಿಯಲ್ಲ ಎಂದು ನನಗೆ ದಿನದಿನಕ್ಕೂ ಗಟ್ಟಿಯಾಗಿ ಅನ್ನಿಸುತ್ತಿದೆ. ಟೊಮೆಟೊ, ಬದನೆ, ಮೆಣಸು ಮೂರೂ ಒಂದೇ ಕುಟುಂಬದವು. ಮೂರೂ ಮೊದಲು ತೆರೆಯುವುದು ಎರಡು ಸಣ್ಣ ಮೊನಚು ಎಲೆಗಳನ್ನು. ಚೀಟಿ ಅಂಟಿಸದಿದ್ದರೆ ಯಾವುದು ಯಾವುದೆಂದು ಹೇಳುವುದು ಕಷ್ಟ. ಗಿಡದ ಗುರುತು ಸಿಗುವುದು ನಂತರದ ಎಲೆಗಳಲ್ಲಿ. ಇನ್ನು ಎಲ್ಲಕ್ಕಿಂತ ಬೇಗ ಉದ್ದಕ್ಕೆ ಬೆಳೆದ ಸಸಿ ಬಹಳ ಸಲ ಬೆಳಕು ಸಾಲದೆ ಎಳೆದುಕೊಂಡ ಬಡಕಲು ಸಸಿ. ಅದಕ್ಕೆ ದಿನಕ್ಕೆ 14ರಿಂದ 16 ಗಂಟೆ ಬೆಳಕು ಬೇಕು, ಹೊಗಳಿಕೆಯಲ್ಲ.

ಪತ್ರಿಕೆಗಳಲ್ಲಿ ಈ ಪದಕ್ಕೆ ಇನ್ನೊಂದು ಬಳಕೆಯಿದೆ: ಬಂಡಾಯವನ್ನೋ ಪಿಡುಗನ್ನೋ ‘ಮೊಳಕೆಯಲ್ಲೇ ಚಿವುಟಿಹಾಕುವುದು’. ಗಾದೆ ಮೊಳಕೆಯನ್ನು ಕಂಡೊಡನೆ ಫಲ ಎಣಿಸುತ್ತದೆ, ಈ ನುಡಿಗಟ್ಟು ಕಂಡೊಡನೆ ಕೇಡು ಎಣಿಸುತ್ತದೆ. ಎರಡಕ್ಕೂ ಕಾಯುವ ತಾಳ್ಮೆಯಿಲ್ಲ. ಸಸಿ ಬೆಳೆಸುವವರಿಗೆ ಅದು ಇರಲೇಬೇಕು. ಮೇ ಬಂದರೂ ಸಸಿಗಳನ್ನು ಒಮ್ಮೆಲೇ ನೆಡುವಂತಿಲ್ಲ. ಮೊದಲ ದಿನ ಒಂದೆರಡು ಗಂಟೆ ನೆರಳಲ್ಲಿ, ಮರುದಿನ ಇನ್ನಷ್ಟು ಹೊತ್ತು, ಹೀಗೆ ವಾರ ಹತ್ತು ದಿನ ಗಾಳಿ ಬಿಸಿಲಿಗೆ ಒಗ್ಗಿಸಬೇಕು.

ಆದ್ದರಿಂದ ಮೊಮ್ಮಕ್ಕಳಿರುವ ಹಿರಿಯರಲ್ಲಿ ನನ್ನದೊಂದು ಬಿನ್ನಹ. ಎಳೆಯ ಮಕ್ಕಳಿಗೆ ಮೊಳಕೆ ಎಂಬ ಪದವನ್ನು ಖಂಡಿತ ಕಲಿಸಿ, ಆ ಗಾದೆಯನ್ನು ಮಾತ್ರ ಇನ್ನೂ ಹಲವು ವರ್ಷ ಅವರ ಕಿವಿಗೆ ಹಾಕಬೇಡಿ. ಅದರ ಬದಲು ಒಂದು ಹಿಡಿ ಮೆಂತ್ಯ ಕಾಳು ಕೊಡಿ, ಜೊತೆಗೊಂದು ಲೋಟ ಮಣ್ಣು. ಬೆಚ್ಚಗಿದ್ದರೆ ಮೆಂತ್ಯ ಮೂರು ನಾಲ್ಕು ದಿನದಲ್ಲೇ ಮೊಳೆಯುತ್ತದೆ. ಎರಡೂವರೆ ವರ್ಷದ ಮಗು ಅಷ್ಟು ದಿನ ಕಾಯಬಲ್ಲದು.