ದೋಷ

ಕಂಪ್ಯೂಟರ್ ಕಲಿಯುವ ಬಳ್ಳಾರಿಯ ಬ್ರೂಸ್‌ಪೇಟೆಯ ಹುಡುಗರ ಬಾಯಲ್ಲಿ ಅದು ‘ಎರರ್ ಬಂದೈತಿ’. ಕನ್ನಡಕ್ಕೆ ತಂದ ತಂತ್ರಾಂಶಗಳ ಪರದೆಯಲ್ಲಿ ಅದೇ ‘ದೋಷ’. ಕೆಡು ಎಂಬರ್ಥದ ಸಂಸ್ಕೃತ ಧಾತು ‘ದುಷ್’ನಿಂದ ಬಂದ ಪದ. ಆಯುರ್ವೇದದಲ್ಲಿ ವಾತ, ಪಿತ್ತ, ಕಫಗಳು ತ್ರಿದೋಷ. ದಿನದ ಮಾತಿನಲ್ಲಿ ದೃಷ್ಟಿದೋಷ, ಮುದ್ರಣದೋಷ, ಬರೆಯುವಾಗ ಕೈ ತಪ್ಪಿದರೆ ಹಸ್ತದೋಷ. 9ನೇ ಶತಮಾನದ ‘ಕವಿರಾಜಮಾರ್ಗ’ದ ಮೊದಲ ಪರಿಚ್ಛೇದವೇ ಕಾವ್ಯದಲ್ಲಿ ದೋಷ ಯಾವುದು, ಅದೋಷ ಯಾವುದು ಎಂಬ ವಿಚಾರ.

ಆ ವಿವೇಚನೆ ಪರದೆಯ ಮುಂದೆಯೂ ಬೇಕು. ವಿಂಡೋಸ್‌ನಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಹಾಕಿಕೊಂಡು ಕಮಾಂಡ್ ವಿಂಡೋದಲ್ಲಿ ಅದರ ಹೆಸರು ಟೈಪ್ ಮಾಡಿದರೆ ‘ಸಿಗಲಿಲ್ಲ’ ಎಂಬ ಉತ್ತರ ಬರುವುದುಂಟು. ಬಹಳ ಸಲ ಪೈಥಾನ್ ಕೆಟ್ಟಿರುವುದಿಲ್ಲ. ಅದಿರುವ ಫೋಲ್ಡರ್, ವಿಂಡೋಸ್ ಹುಡುಕಿ ನೋಡುವ ಫೋಲ್ಡರ್‌ಗಳ ‘ಪಾಥ್’ ಪಟ್ಟಿಗೆ ಸೇರಿರುವುದಿಲ್ಲ. ಇನ್‌ಸ್ಟಾಲ್ ಮಾಡುವಾಗ ಪಾಥ್‌ಗೆ ಸೇರಿಸುವ ಚೌಕಕ್ಕೆ ಟಿಕ್ ಹಾಕದೆ ಬಿಟ್ಟರೆ ಹೀಗಾಗುತ್ತದೆ. ಇದು ತಿಳಿಯದೆ ಮಕ್ಕಳು ಅಳಿಸಿ ಮತ್ತೆ ಮತ್ತೆ ಹಾಕುತ್ತ ದಿನ ಕಳೆಯುವುದನ್ನು ಕಂಡರೆ ಸಂಕಟವಾಗುತ್ತದೆ. ದೋಷ ಎಂದ ಕೂಡಲೇ ಕೆಟ್ಟಿದೆ ಎಂದು ತೀರ್ಮಾನಿಸಬೇಡಿ. ಸಂದೇಶವನ್ನು ಕೊನೆಯ ಸಾಲಿನವರೆಗೆ ಓದಿ, ಪಾಥ್ ಸರಿಪಡಿಸಿ, ಹಳೆಯ ಕಮಾಂಡ್ ವಿಂಡೋ ಮುಚ್ಚಿ ಹೊಸದು ತೆರೆಯಿರಿ.